ಕುದುರೆಯ ಗಿಣ್ಣು

ಮೊನ್ನೆ ಪಕ್ಕದ ಮನೆಯಿಂದ ಒಂದು ಸ್ಟೀಲ್ ಡಬ್ಬಿ ಬಂತು. ಮುಚ್ಚಳ ತೆಗೆಯುವ ಮೊದಲೇ ಏಲಕ್ಕಿ, ಬೆಲ್ಲದ ವಾಸನೆ ಮೂಗಿಗೆ ಬಡಿಯಿತು. ಗಿಣ್ಣು. ನಮ್ಮ ವಕ್ಕಲೇರಿಯಲ್ಲಿ ಅರ್ಧ ಜನ ಇದನ್ನು ಗಿಣ್ಣು ಅನ್ನುತ್ತಾರೆ, ಇನ್ನರ್ಧ ಜುನ್ನು ಅನ್ನುತ್ತಾರೆ. ಮುಳಬಾಗಿಲ ಕಡೆ ಹೋದರೆ ಬರೀ ಜುನ್ನು. ತಿನ್ನುವಾಗ ಮಾತ್ರ ಯಾರೂ ಭಾಷೆಯ ತಂಟೆಗೆ ಹೋಗುವುದಿಲ್ಲ. ಹಸು ಕರು ಹಾಕಿದ ಮನೆಯವರು ಅದನ್ನು ತಾವೇ ತಿಂದು ಬಾಯಿ ಒರೆಸಿಕೊಳ್ಳುವಂತಿಲ್ಲ, ನಾಲ್ಕು ಮನೆಗೆ ಹಂಚಬೇಕು. ತೆಗೆದುಕೊಂಡವರು ಡಬ್ಬಿಯನ್ನು ಖಾಲಿ ವಾಪಸ್ ಕೊಡಬಾರದು, ಒಂದು ಚೂರು ಬೆಲ್ಲವಾದರೂ ಹಾಕಿ ಕೊಡಬೇಕು. ಇಷ್ಟೆಲ್ಲ ಕಟ್ಟುಕಟ್ಟಳೆ ಇರುವ ಸಿಹಿತಿಂಡಿ ಇನ್ನೊಂದಿದ್ದರೆ ಹೇಳಿ ನೋಡೋಣ.

ಗಿಣ್ಣೆಂದರೆ ನನಗೆ ಚಿಕ್ಕಂದಿನಿಂದ ಪ್ರಾಣ. ಆದರೆ ಹೋದ ವರ್ಷದಿಂದ ನನಗೊಂದು ಹೊಸ ಅಭ್ಯಾಸ ಅಂಟಿಕೊಂಡಿದೆ. ಮೊದಲ ಚೂರು ಬಾಯಿಗೆ ಹಾಕಿಕೊಳ್ಳುವ ಮುಂಚೆ ನಗು ಬರುತ್ತದೆ, ಹಾಕಿಕೊಂಡ ಮೇಲೆ ಮಾತು ನಿಂತುಹೋಗುತ್ತದೆ. "ತಿನ್ನೋಕೆ ಮುಂಚೆ ನಗೋದ್ಯಾಕೆ, ತಿಂದ್ಮೇಲೆ ಸಾವಿನ ಮನೆಗೆ ಹೋಗಿ ಬಂದೋರ್ ಥರ ಕೂರೋದ್ಯಾಕೆ?" ಎಂದು ನನ್ನ ಹೆಂಡತಿ ಕೇಳುತ್ತಾಳೆ. ಅವಳಿಗೆ ಕಾರಣ ಗೊತ್ತು. ಸುಮ್ಮನೆ ಕೆಣಕುತ್ತಾಳೆ. ನಿಮಗೆ ಗೊತ್ತಿಲ್ಲವಲ್ಲ, ಹೇಳುತ್ತೇನೆ. ಕಾರಣ ಒಂದು ಕುದುರೆ.

ಕುದುರೆಗೂ ಗಿಣ್ಣಿಗೂ ಎಲ್ಲಿಯ ಸಂಬಂಧ ಅಂತೀರಾ? ಇಲ್ಲ, ಇರಲೂಬಾರದು. ನಮ್ಮ ಅಕ್ಕ ಸಂಬಂಧ ಮಾಡಲು ಹೋದಳು.

ಅಕ್ಕ ಎಂದರೆ ರತ್ನಮ್ಮ. ನನ್ನ ಮನೆ ಎದುರಿಗೇ ಅವಳ ಮನೆ. ಊರಲ್ಲಿ ಯಾರದೇ ಹಸು ಈಯಲು ಕಷ್ಟಪಟ್ಟರೆ ಮೊದಲು ಅಕ್ಕನಿಗೆ ಹೇಳಿಕಳಿಸುತ್ತಾರೆ, ಆಮೇಲೆ ಡಾಕ್ಟರಿಗೆ ಫೋನ್ ಮಾಡುತ್ತಾರೆ. "ಈ ಕೈಯಾಗೆ ಒಂದು ಕರೂನೂ ಸತ್ತಿಲ್ಲ ಕಣೋ" ಎಂದು ಅವಳು ಎರಡು ಕೈಯನ್ನೂ ಮುಂದಕ್ಕೆ ಚಾಚಿ ತೋರಿಸುವುದುಂಟು. ಅದು ಜಂಬವಲ್ಲ, ನಿಜ. ಅವಳ ಗಂಡ, ನಮ್ಮ ಭಾವ ನಾರಾಯಣಸ್ವಾಮಿ, ಹಿಪ್ಪುನೇರಳೆ ಬೆಳೆಸಿ ರೇಷ್ಮೆ ಹುಳು ಸಾಕುವ ಮನುಷ್ಯ. ಹುಳು ಸೊಪ್ಪು ಮೇಯುವ ಸದ್ದನ್ನು ಕೇಳುತ್ತಾ ಗಂಟೆಗಟ್ಟಲೆ ಕೂತುಬಿಡುತ್ತಾರೆ. ಅಕ್ಕ ದಿನಕ್ಕೆ ಆಡುವ ಮಾತು ಭಾವನಿಗೆ ಒಂದು ವರ್ಷಕ್ಕೆ ಸಾಕು.

ಇನ್ನು ನಾನು. ನನಗೂ ಕುದುರೆಗೂ ಇದ್ದ ನಂಟು ಹೇಳಿಕೊಳ್ಳುವಂಥದ್ದೇನಲ್ಲ. ಚಿಕ್ಕವನಿದ್ದಾಗ ಅಪ್ಪ ಬಟ್ಟೆ ಕೊಡಿಸಲು ಕೋಲಾರಕ್ಕೆ ಕರೆದುಕೊಂಡು ಹೋಗಿ ಜಟಕಾದಲ್ಲಿ ಕೂರಿಸಿದ್ದರು. ಕುದುರೆಯ ಕಣ್ಣಿನ ಅಕ್ಕಪಕ್ಕ ಚರ್ಮದ ಪಟ್ಟಿ ಕಟ್ಟಿದ್ದು ಯಾಕೆ ಎಂದು ಕೇಳಿದೆ. "ತಾನು ಎಳೀತಿರೋದು ನಿನ್ನಂಥೋನ್ನ ಅಂತ ಗೊತ್ತಾದ್ರೆ ಅಲ್ಲೇ ನಿಂತುಬಿಡ್ತದೆ, ಅದಕ್ಕೆ" ಅಂದರು ಅಪ್ಪ. ಬಹಳ ವರ್ಷ ನಾನು ಅದನ್ನು ನಂಬಿದ್ದೆ. ಆಮೇಲೆ ನನ್ನ ಮದುವೆಯಲ್ಲಿ ಬೀಗರು ಹಟ ಹಿಡಿದು ನನ್ನನ್ನು ಕುದುರೆಯ ಮೇಲೆ ಕೂರಿಸಿದರು. ಮೆರವಣಿಗೆ ಹೊರಟಾಗ ಮುಚ್ಚಿದ ಕಣ್ಣನ್ನು ಛತ್ರದ ಬಾಗಿಲಲ್ಲೇ ತೆರೆದದ್ದು. ಆ ಫೋಟೋ ಇನ್ನೂ ಗೋಡೆಯ ಮೇಲಿದೆ. ಅದನ್ನು ನೋಡಿದವರು ಮದುಮಗನ ಕಳೆ ಇರುವುದು ಕುದುರೆಗೇ ಎನ್ನುತ್ತಾರೆ.

ಮಾಲೂರಿನ ಕಡೆ ಒಂದು ಕುದುರೆ ಫಾರಂ ಇದೆ. ರಾಷ್ಟ್ರಮಟ್ಟದ್ದಂತೆ. ಬೋರ್ಡಿನ ಮೇಲೆ ಉದ್ದನೆಯ ಹೆಸರಿದೆ, ಆದರೆ ನಮಗೆಲ್ಲ ಅದು ಕುದುರೆ ಫಾರಂ. ಎಷ್ಟೋ ಕಾಲ ನಾವು ನೋಡಿದ್ದು ಅದರ ಕಾಂಪೌಂಡು ಗೋಡೆ ಮಾತ್ರ. ಒಳಗೆ ಕುದುರೆ ಇದೆಯೋ ಬರೀ ಗೋಡೆಯನ್ನೇ ಸಾಕುತ್ತಾರೋ ಎಂದು ತಮಾಷೆ ಮಾಡುತ್ತಿದ್ದೆವು. ಒಂದು ದಿನ ಗೇಟಿನ ಹತ್ತಿರ ಹೊಸ ಫಲಕ ನಿಂತಿತು. ಭಾನುವಾರ ಸಾರ್ವಜನಿಕರು ಒಳಗೆ ಬಂದು ಕುದುರೆ ನೋಡಬಹುದು, ಸಂಸಾರ ಸಮೇತ ಬನ್ನಿ ಎಂದು ಬರೆದಿತ್ತು. ನಾನು ನರಸಾಪುರದ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನು. ವಿಷಯ ನಮ್ಮ ಕಂಪನಿ ಬಸ್ಸಿನಲ್ಲಿ ಚರ್ಚೆಯಾಯಿತು. "ಕುದುರೆ ನೋಡೋಕೆ ಯಾರು ಹೋಗ್ತಾರೆ ಬಿಡ್ರಿ" ಎಂದು ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕು, ಮುಂದಿನ ಭಾನುವಾರವೇ ಅಕ್ಕ ಭಾವನನ್ನು ಆಟೋದಲ್ಲಿ ಕೂರಿಸಿಕೊಂಡು ಹೋದೆ.

ಒಳಗೆ ಬಿಳಿ ಬಣ್ಣದ ಬೇಲಿ. ಬೇಲಿಯ ಆಚೆ ಕಣ್ಣು ಹೋದಷ್ಟು ದೂರ ಹುಲ್ಲು. ಅಕ್ಕ ಹುಲ್ಲನ್ನು ಕಿತ್ತು ಮೂಸಿ ನೋಡಿ, "ಇಂಥ ಮೇವು ನಮ್ಮ ಹಸಕ್ಕೆ ಹಾಕಿದ್ರೆ ಡೈರಿ ಕ್ಯಾನು ಸಾಲಲ್ಲ" ಎಂದಳು. ಅಷ್ಟರಲ್ಲಿ ದೂರದ ಲಾಯದ ಬಾಗಿಲು ತೆಗೆದರು. ಮೊದಲು ಏನೂ ಕಾಣಲಿಲ್ಲ. ಪಾದದಡಿಯ ನೆಲ ನಡುಗಿತು. ಆ ನಡುಕ ಚಪ್ಪಲಿ ದಾಟಿ ಮೊಣಕಾಲಿನವರೆಗೆ ಬಂತು. ಆಮೇಲೆ ಕಂಡವು. ತಾಯಂದಿರು, ಅವುಗಳ ಮಗ್ಗುಲಲ್ಲೇ ಮರಿಗಳು, ಒಂದೇ ಗುಂಪಾಗಿ ನಮ್ಮ ಕಡೆಗೇ ಬಂದವು. ಮೈಯ ಮೇಲೆ ಬೆಳಗಿನ ಬಿಸಿಲು. ಬೇಲಿಗೆ ಗುದ್ದೇಬಿಡುತ್ತವೆ ಅನ್ನುವಾಗ ಅಷ್ಟೂ ಒಟ್ಟಿಗೆ ತಿರುಗಿದವು. ಒಂದಕ್ಕೊಂದು ಸೋಕಲಿಲ್ಲ. ನಾನು ಬಾಯಿ ತೆರೆದವನು ಮುಚ್ಚಲಿಲ್ಲ. ಒಂದು ನೊಣ ಒಳಗೆ ಹೋಗಿ ಸುತ್ತಾಡಿಕೊಂಡು ಬಂತು ಎಂದು ಅಕ್ಕ ಈಗಲೂ ಸಾಕ್ಷಿ ಹೇಳುತ್ತಾಳೆ.

ಪಕ್ಕಕ್ಕೆ ತಿರುಗಿದರೆ ಭಾವ ಚಪ್ಪಲಿ ಕಳಚಿಟ್ಟು ಬರಿಗಾಲಲ್ಲಿ ನಿಂತಿದ್ದರು.

"ಚಪ್ಪಲಿ ಯಾಕೆ ಬಿಟ್ರಿ ಭಾವ?"

"ಗೊತ್ತಿಲ್ಲ ಕಣಯ್ಯ. ಬಿಡ್ಬೇಕು ಅನ್ನಿಸ್ತು."

ಫಾರಂನ ಡಾಕ್ಟರಮ್ಮ ಬಂದವರಿಗೆಲ್ಲ ವಿವರ ಹೇಳುತ್ತಿದ್ದರು. ಇನ್ನೂ ಚಿಕ್ಕ ವಯಸ್ಸು, ಕಾಲಲ್ಲಿ ಗಂಬೂಟು. ಅಕ್ಕ ನೇರವಾಗಿ ಅವರ ಮುಂದೆ ಹೋಗಿ ನಿಂತಳು. "ಇವು ದಿನಕ್ಕೆ ಎಷ್ಟು ಲೀಟ್ರು ಕೊಡ್ತವೆ ಮೇಡಮ್ಮೋರೆ?"

"ನಮಗೆ ಕೊಡಲ್ಲಮ್ಮ. ಅವುಗಳ ಮರಿಗೆ ಮಾತ್ರ."

"ಮತ್ತೆ ಯಾಕೆ ಸಾಕ್ತೀರಿ?"

ಡಾಕ್ಟರಮ್ಮ ಬೇಲಿಯ ಕಡೆ ಕೈ ತೋರಿಸಿದರು. ಅಕ್ಕ ನೋಡಿದಳು. ಮತ್ತೆ ಪ್ರಶ್ನೆ ಕೇಳಲಿಲ್ಲ. ಅಕ್ಕ ಎರಡೇ ಪ್ರಶ್ನೆಗೆ ನಿಲ್ಲಿಸಿದ್ದನ್ನು ಅದಕ್ಕೆ ಮುಂಚೆ ನಾನು ಕಂಡಿರಲಿಲ್ಲ.

ಜನರನ್ನು ಒಳಗೆ ಕರೆದದ್ದರ ಹಿಂದೆ ಇನ್ನೊಂದು ಉದ್ದೇಶವಿತ್ತು. ಕುದುರೆ ಸಾಕಣೆ ಗೋಡೆಯೊಳಗೇ ಉಳಿಯಬಾರದು, ಸುತ್ತಲ ರೈತರ ಮನೆಗೂ ಹೋಗಬೇಕು ಎಂದು ಫಾರಂನವರ ಆಸೆ. ನೆಲ, ಮೇವು, ಕೊಟ್ಟಿಗೆ ಇರುವವರಿಗೆ ಗಬ್ಬದ ಕುದುರೆಯೊಂದನ್ನು ಒಪ್ಪಿಸುತ್ತಾರೆ. ಮರಿ ಹುಟ್ಟಿ ಚೆನ್ನಾಗಿ ಉಳಿದರೆ ತಾಯಿ, ಮರಿ ಎರಡೂ ಆ ಮನೆಯಲ್ಲೇ ಇರುತ್ತವೆ. ಮರಿ ಉಳಿಯದಿದ್ದರೆ ತಾಯಿಯನ್ನು ವಾಪಸ್ ಕರೆದುಕೊಂಡು ಹೋಗುತ್ತಾರೆ. ಇದನ್ನು ಕೇಳಿ ಭಾವ ಬರಿಗಾಲಲ್ಲೇ ಹೋಗಿ ಹೆಸರು ಕೊಟ್ಟು ಬಂದರು. ಮನೆಗೆ ಬರುವ ದಾರಿಯುದ್ದಕ್ಕೂ ಅಕ್ಕ ಆಟೋದವನ ಜೊತೆ ಮಾತ್ರ ಮಾತಾಡಿದಳು.

ಕುದುರೆ ಬಂದ ದಿನ ಇಡೀ ವಕ್ಕಲೇರಿ ನಮ್ಮ ಬೀದಿಯಲ್ಲಿತ್ತು. ಕೆಂಪು ಮೈ, ಹಣೆಯ ಮೇಲೆ ಬಿಳಿ ಮಚ್ಚೆ, ಲಾರಿಯಿಂದ ಇಳಿದು ನಮ್ಮನ್ನೆಲ್ಲ ಒಮ್ಮೆ ನೋಡಿ ಮುಖ ತಿರುಗಿಸಿಕೊಂಡಿತು. ಫಾರಂನಲ್ಲಿ ಅದಕ್ಕೆ ಬಾಯಿ ತಿರುಗದಂಥ ಇಂಗ್ಲಿಷ್ ಹೆಸರಿತ್ತು. ಭಾವ ಅಮ್ಮಣ್ಣಿ ಎಂದು ಕರೆದರು, ಅದೇ ನಿಂತಿತು. ಮೂಲೆಮನೆಯ ಮುನಿವೆಂಕಟಪ್ಪಜ್ಜ ಕೋಲೂರಿಕೊಂಡು ಬಂದು, "ಗುರ್ರಂ ಪಾಲು ಎವರು ತಾಗ್ತಾರು ರತ್ನಮ್ಮಾ?" ಎಂದು ತೆಲುಗಿನಲ್ಲಿ ಕೇಳಿದ. ಕುದುರೆ ಹಾಲು ಯಾರು ಕುಡೀತಾರೆ ಎಂದು ಅವನ ಚಿಂತೆ. "ನನ್ನ ಕೇಳ್ಬೇಡ ತಾತ, ಆಯಪ್ಪನ್ನ ಕೇಳು" ಎಂದು ಅಕ್ಕ ಗಂಡನ ಕಡೆ ಬೆರಳು ತೋರಿಸಿದಳು.

ಆದರೆ ಅಕ್ಕನ ಮುನಿಸು ಎಷ್ಟು ದಿನ? ಮನೆಯಲ್ಲೊಂದು ಬಸುರಿ ಪ್ರಾಣಿ ಇದ್ದರೆ ಅವಳ ಕೈ ಸುಮ್ಮನಿರುವುದಿಲ್ಲ. 'ನಿಮ್ಮ ಕುದುರೆ' ಅನ್ನುತ್ತಿದ್ದವಳು 'ನಮ್ಮ ಅಮ್ಮಣ್ಣಿ' ಅನ್ನತೊಡಗಿದಳು. ಕಷ್ಟವೇನೆಂದರೆ ಅಮ್ಮಣ್ಣಿಗೆ ಅಕ್ಕ ಬೇಕಿರಲಿಲ್ಲ. ಭಾವ ಮೈ ಉಜ್ಜಿದರೆ ಕಣ್ಣು ಅರೆಮುಚ್ಚಿ ನಿಲ್ಲುತ್ತಿತ್ತು. ಅಕ್ಕ ಹೊಟ್ಟೆ ಮುಟ್ಟಲು ಹೋದರೆ ಕಿವಿ ಹಿಂದಕ್ಕೆ ಮಡಚಿ ಪಕ್ಕಕ್ಕೆ ಸರಿಯುತ್ತಿತ್ತು. "ಎಂತೆಂಥ ಒದೆಯೋ ಹಸನೇ ನನ್ನ ಕೈಗೆ ಬಂದವೆ, ಇವಳದ್ದೇನು ಗತ್ತು" ಎಂದು ಅಕ್ಕ ಗೊಣಗುವಳು. ಒಳಗೊಳಗೇ ಅವಳಿಗೆ ಬೇಜಾರಾಗಿತ್ತು ಎಂದು ನನಗೆ ಗೊತ್ತು.

ಹಸುವಿನ ಲೆಕ್ಕದಲ್ಲಿ ಒಂಬತ್ತು ತಿಂಗಳು ಕಳೆದವು. ಅಕ್ಕ ಬಿಸಿನೀರು, ಹಳೇ ಸೀರೆ, ಒಣಹುಲ್ಲು ಎಲ್ಲ ಸಿದ್ಧ ಮಾಡಿದಳು. ಅಮ್ಮಣ್ಣಿ ಹುಲ್ಲು ಮೇಯುತ್ತಾ ನಿಂತಿತ್ತು. ಕುದುರೆಗೆ ಹನ್ನೊಂದು ತಿಂಗಳು ಎಂದು ಡಾಕ್ಟರಮ್ಮ ಫೋನಿನಲ್ಲಿ ತಿಳಿಸಿದರು. "ಹನ್ನೊಂದು ತಿಂಗಳು ಹೊರೋಕೆ ಒಳಗೇನು ಆನೆ ಮರಿ ಐತಾ?" ಎಂದಳು ಅಕ್ಕ. ಕೊನೆಗೂ ಕೆಚ್ಚಲು ಬಿಗಿಯಿತು. ಗಂಡ ಹೆಂಡತಿ ಸರದಿಯ ಮೇಲೆ ಕೊಟ್ಟಿಗೆಯಲ್ಲಿ ಕಾವಲು ಮಲಗಿದರು. ಏನೂ ಆಗಲಿಲ್ಲ. ನಿದ್ದೆಗೆಟ್ಟು ಅವರ ಕಣ್ಣೇ ಅಮ್ಮಣ್ಣಿಯ ಮೈಬಣ್ಣಕ್ಕೆ ತಿರುಗಿದವು.

ಆ ದಿನ ನಾನು ರಾತ್ರಿ ಪಾಳಿ ಮುಗಿಸಿ ಬಸ್ಸಿಳಿದು ಬರುವಾಗ ಅಕ್ಕ, ಭಾವ ಇಬ್ಬರೂ ಡೈರಿಗೆ ಹಾಲು ಹಾಕಿ ಖಾಲಿ ಕ್ಯಾನು ಹಿಡಿದು ಬರುತ್ತಿದ್ದರು. ಮೂವರೂ ಮಾತಾಡುತ್ತಾ ಕೊಟ್ಟಿಗೆಗೆ ಬಂದೆವು. ಹುಲ್ಲಿನ ಮೇಲೆ ಮರಿ ಮಲಗಿತ್ತು. ಮೈಯಿನ್ನೂ ಒದ್ದೆ. ಅಮ್ಮಣ್ಣಿ ತಲೆ ಬಗ್ಗಿಸಿ ಅದನ್ನು ನೆಕ್ಕುತ್ತಿತ್ತು.

ಭಾವ ಹಾಗೇ ಗೋಡೆಗೆ ಒರಗಿದರು. "ಇಷ್ಟು ದಿನ ಕಾದ್ವಿ. ಹಾಲು ಹಾಕಿ ಬರೋಷ್ಟರಾಗೆ."

ಯಾರೂ ಇಲ್ಲದ ಹೊತ್ತಿಗಾಗಿ ಕುದುರೆ ಹೆರಿಗೆಯನ್ನೇ ತಡೆದು ಹಿಡಿದುಕೊಳ್ಳಬಲ್ಲದಂತೆ. ಆಮೇಲೆ ಡಾಕ್ಟರಮ್ಮ ಹೇಳಿದ್ದು. ನಮ್ಮ ಕಾವಲನ್ನೆಲ್ಲ ಅದು ಸಹಿಸಿಕೊಂಡು, ನಾವು ಬೆನ್ನು ತಿರುಗಿಸುವುದನ್ನೇ ಕಾದಿತ್ತು.

ಮರಿಗೆ ಮೈಗಿಂತ ಕಾಲೇ ಹೆಚ್ಚು. ಗೊರಸಿನ ತುದಿಯಲ್ಲಿ ಮೆತ್ತಗೆ, ಬಿಳಿಯ ಬೆರಳುಗಳಂಥವು ಜೋತಾಡುತ್ತಿದ್ದವು. ಅದನ್ನು ಕಂಡು ಊನವೇನೋ ಅಂದುಕೊಂಡೆ. "ಕರುಗೂ ಹಿಂಗೇ ಇರ್ತದೆ ಕಣೋ, ತಾಯಿ ಹೊಟ್ಟೆ ಹರೀಬಾರ್ದು ಅಂತ. ನಡೆದ್ರೆ ಉದುರ್ತದೆ" ಎಂದಳು ಅಕ್ಕ. ಅವಳ ದನಿಗೆ ಹಳೆಯ ಅಧಿಕಾರ ಮರಳಿತ್ತು. ಭಾವ ಫೋನು ಮಾಡಿದರು. ಡಾಕ್ಟರಮ್ಮ ಶ್ರೀನಿವಾಸಪುರದ ಹತ್ತಿರ ಇನ್ನೊಂದು ಕುದುರೆ ನೋಡಲು ಹೋಗಿದ್ದರು. "ಈಗಲೇ ಹೊರಡ್ತೀನಿ, ಬರೋದು ತಡ ಆಗ್ತದೆ. ಮರಿ ಹಾಲು ಕುಡಿದ್ರೆ ಸಾಕು" ಎಂದರು.

ಹಾಲು ಎಂಬ ಮಾತು ಕಿವಿಗೆ ಬಿದ್ದದ್ದೇ ಅಕ್ಕ ಸೆರಗು ಸಿಕ್ಕಿಸಿಕೊಂಡು ಚೊಂಬು ತಂದಳು. ಹಳೇ ಸೀರೆಯ ತುಂಡು ಹರಿದು ನನ್ನ ಕೈಗೆ ಕೊಟ್ಟು, "ಮರೀನ ಆ ಕಂಬಕ್ಕೆ ಕಟ್ಟೋ" ಅಂದಳು.

"ಕಟ್ಟೋದ್ಯಾಕಕ್ಕ?"

"ಮೊದಲ್ನೇ ಹಾಲು ಜಾಸ್ತಿ ಕುಡಿದ್ರೆ ಭೇದಿ ಹಿಡಿದು ಸಾಯ್ತದೆ. ಹಿಂಡಿ ತೆಗೆದು ಅಳತೆ ಮೇಲೆ ಕುಡಿಸ್ಬೇಕು. ಉಳಿದಿದ್ದು ಗಿಣ್ಣಿಗಾಯ್ತು. ಮನೇಲಿ ಒಂದು ಜೀವ ಹುಟ್ಟೈತೆ, ನಾಲ್ಕು ಮನೆಗೆ ಕೊಡ್ದಿದ್ರೆ ಹೆಂಗೆ?"

"ಕುದುರೆ ಗಿಣ್ಣು ಯಾರು ತಿಂತಾರೆ?"

"ನೀನು ತಿಂತೀಯ. ಸುಮ್ಕೆ ಕಟ್ಟು."

ಕಟ್ಟಿದೆ. ನಮ್ಮಲ್ಲಿ ಪ್ರತಿ ಮನೆಯಲ್ಲೂ ನಡೆಯುವುದೇ ಇದು. ಕರು ಹುಟ್ಟಿದರೆ ತಾಯಿಗೆ ಕಾಣುವ ಹಾಗೆ ಕಂಬಕ್ಕೆ ಕಟ್ಟು, ತಾಯಿಯನ್ನು ಹಿಂಡು, ಆಮೇಲೆ ಬಿಡು. ಅದು ತಪ್ಪೆಂದು ನಮಗೆ ಹೊಳೆಯುವ ಸಂಭವವೇ ಇರಲಿಲ್ಲ.

ಅಕ್ಕ ಚೊಂಬು ಹಿಡಿದು ಕುಕ್ಕರುಗಾಲಲ್ಲಿ ಕೂತಳು. ಮರಿ ತಾಯಿಯ ಕಡೆ ಹೆಜ್ಜೆ ಇಡಲು ಹೋಗಿ, ಕಟ್ಟು ಜಗ್ಗಿ, ಮುಗ್ಗರಿಸಿ ಬಿತ್ತು. ಅಮ್ಮಣ್ಣಿ ತಲೆ ಎತ್ತಿತು. ಆಮೇಲಿನದು ನನಗೆ ಸರಿಯಾಗಿ ಕಂಡೂ ಇಲ್ಲ. ಚೊಂಬು ಗೋಡೆಗೆ ಬಡಿದು ಚಪ್ಪಟೆಯಾಯಿತು, ಅಕ್ಕ ಹುಲ್ಲಿನ ಮೇಲೆ ಉರುಳಿದಳು, ಭಾವ ಅವಳ ರಟ್ಟೆ ಹಿಡಿದು ಹೊರಕ್ಕೆ ಎಳೆದರು. ಮೂವರೂ ಅರ್ಧಗೋಡೆಯ ಈಚೆಗೆ ಬಂದು ಬಿದ್ದೆವು. ಒಳಗೆ ಅಮ್ಮಣ್ಣಿ ಕೊಟ್ಟಿಗೆ ಬಿರಿಯುವ ಹಾಗೆ ಕೆನೆಯುತ್ತಾ ಮರಿಯ ಸುತ್ತ ತಿರುಗುತ್ತಿತ್ತು. ಅದರ ಕಾಲಡಿಯಲ್ಲೇ ಮರಿ ಬಿದ್ದಿತ್ತು. ಅಕ್ಕನ ಕೈಗೆ ತರಚಿದ ಗಾಯ ಬಿಟ್ಟರೆ ಏನೂ ಆಗಿರಲಿಲ್ಲ. ಆದರೆ ಅವಳ ಮುಖದಲ್ಲಿ ರಕ್ತವಿರಲಿಲ್ಲ.

ಭಾವ ಮತ್ತೆ ಫೋನು ಮಾಡಿದರು. "ಕಟ್ಟಿದ್ರಾ?" ಎಂದ ಡಾಕ್ಟರಮ್ಮನ ದನಿ ನಮಗೂ ಕೇಳಿಸಿತು. "ಮೊದಲು ಬಿಚ್ಚಿ. ಯಾವ ಮರಿಗೂ ಆ ಮೊದಲ ಹಾಲೇ ಪ್ರಾಣ. ಮಧ್ಯಾಹ್ನದ ಒಳಗೆ ಹೊಟ್ಟೆಗೆ ಬೀಳದಿದ್ರೆ ಮರಿ ಉಳಿಯೋದು ಕಷ್ಟ."

ಭಾವ ಕುಡುಗೋಲು ತಂದು ಗೋಡೆಯಾಚೆ ಕೈ ಚಾಚಿ ಕಂಬದ ಕಟ್ಟು ಕೊಯ್ದರು. ಮರಿ ಏಳಲಿಲ್ಲ. ಅಕ್ಕ ಫೋನನ್ನು ಕಿತ್ತುಕೊಂಡಳು. "ಮೇಡಮ್ಮೋರೆ, ನಾನು ಒಳಗೆ ಹೋಗಿ ಮರೀನ ಎತ್ತಿ ಕೆಚ್ಚಲಿಗೆ ಹಿಡೀತೀನಿ."

"ಬೇಡಮ್ಮ. ಮುಟ್ಟಬೇಡಿ. ಎಲ್ಲರೂ ಅದರ ಕಣ್ಣಿಗೆ ಕಾಣದಷ್ಟು ದೂರ ಹೋಗಿ."

"ಹುಟ್ಟಿದ ಕೂಸು ಬಿಟ್ಟು ಎಲ್ಲಿಗೆ ಹೋಗ್ಲಿ?"

"ತಾಯಿ ಇದ್ದಾಳಲ್ಲಮ್ಮ" ಎಂದರು ಡಾಕ್ಟರಮ್ಮ.

ಹಿತ್ತಲ ಹಿಪ್ಪುನೇರಳೆ ಸಾಲಿನ ಹಿಂದೆ ಹೋಗಿ ಕೂತೆವು. ಸೊಪ್ಪಿನ ಸಂದಿಯಿಂದ ಕೊಟ್ಟಿಗೆಯ ಒಳಗು ಕಾಣುತ್ತಿತ್ತು. ಮರಿ ಉಳಿಯದಿದ್ದರೆ ಅಮ್ಮಣ್ಣಿ ಲಾರಿ ಹತ್ತಿ ಹೋಗುತ್ತದೆ, ಭಾವನಿಗೆ ಆ ನೋವು. ಅಕ್ಕನ ನೋವು ಬೇರೆ. ಅವಳು ತನ್ನ ಕೈಗಳನ್ನೇ ನೋಡುತ್ತಿದ್ದಳು. "ಈ ಕೈಲೇ ಕೊಂದೆನಲ್ಲೋ" ಎಂದಳು. ನಾನು ಸಮಾಧಾನ ಹೇಳಲು ಬಾಯಿ ತೆರೆದೆ. ಭಾವ ಸನ್ನೆ ಮಾಡಿ ಸುಮ್ಮನಿರಿಸಿದರು.

ಅಮ್ಮಣ್ಣಿಯ ಓಡಾಟ ನಿಂತಿತು. ಕಿವಿ ನೆಟ್ಟಗೆ ಮಾಡಿ ನಾಲ್ಕೂ ಕಡೆ ಆಲಿಸಿತು. ಆಮೇಲೆ ಅದರ ಗಂಟಲಿನಿಂದ ಒಂದು ಸದ್ದು ಬಂತು. ಕೆನೆತ ಅಲ್ಲ. ಬಹಳ ಮೆಲ್ಲಗೆ, ಎದೆಯೊಳಗೇ ಗುರುಗುಟ್ಟುವ ಸದ್ದು. ಇಷ್ಟು ತಿಂಗಳಲ್ಲಿ ಅದು ನಮಗ್ಯಾರಿಗೂ ಆ ದನಿಯಲ್ಲಿ ಮಾತಾಡಿರಲಿಲ್ಲ. ಮರಿಯ ಕಿವಿ ಅಲುಗಿತು. ಮುಂಗಾಲು ಚಾಚಿ ಎದ್ದಿತು, ಬಿತ್ತು. ಅಕ್ಕ ತಟ್ಟನೆ ಎದ್ದಳು. ಅವಳ ಎರಡು ಕೈಯನ್ನೂ ಭಾವ ಹಿಡಿದುಕೊಂಡರು. ಮರಿ ಮತ್ತೆ ಎದ್ದು, ಗೋಡೆಯನ್ನು ಚೀಪಿತು, ಕಂಬವನ್ನು ಚೀಪಿತು, ತಾಯಿಯ ಮುಂಗಾಲಿನ ಸಂದಿಯಲ್ಲಿ ಹುಡುಕಿತು. ಅಲ್ಲಲ್ಲ, ಹಿಂದೆ, ಹಿಂದೆ ಎಂದು ನನ್ನ ಬಾಯಿ ತಾನಾಗಿ ಪಿಸುಗುಟ್ಟುತ್ತಿತ್ತು. ಅಮ್ಮಣ್ಣಿ ಅವಸರ ಮಾಡಲಿಲ್ಲ. ಒಂದು ಹೆಜ್ಜೆ ಮುಂದಕ್ಕೆ ಸರಿದು, ಮೂತಿಯಿಂದ ಮರಿಯ ಬೆನ್ನು ನೂಕಿ, ಹಿಂಗಾಲನ್ನು ಅಗಲ ಮಾಡಿ ನಿಂತಿತು. ಮರಿಯ ತಲೆ ಮರೆಯಾಯಿತು. ಸ್ವಲ್ಪ ಹೊತ್ತಿಗೆ ಅದರ ಗಿಡ್ಡ ಬಾಲ ಅತ್ತಿತ್ತ ಆಡತೊಡಗಿತು.

"ಕುಡೀತೈತೆ ಕಣೋ" ಎಂದಳು ಅಕ್ಕ. ಅಷ್ಟು ಹೇಳಿ ನೆಲದ ಮೇಲೆ ಕೂತು ಅತ್ತಳು. ಭಾವ ಅವಳ ಕೈ ಬಿಟ್ಟಿರಲಿಲ್ಲ. ನಾನೂ ಅತ್ತೆ. ಕಾರ್ಖಾನೆಯ ಸಮವಸ್ತ್ರ ಹಾಕಿಕೊಂಡು, ಕುದುರೆ ಮರಿ ಹಾಲು ಕುಡಿಯಿತೆಂದು ಹಿಪ್ಪುನೇರಳೆ ಗಿಡದ ಹಿಂದೆ ಅಳುವ ಗಂಡಸನ್ನು ಯಾರಾದರೂ ನೋಡಿದ್ದರೆ ಏನೆಂದುಕೊಳ್ಳುತ್ತಿದ್ದರೋ. ಅಂದುಕೊಳ್ಳಲಿ.

ಮರಿ ಉಳಿಯಿತು. ಡಾಕ್ಟರಮ್ಮ ಬಂದು ನೋಡಿ, ಮಾಸು ಸರಿಯಾಗಿ ಬಿದ್ದಿದೆ ಎಂದು ಹೇಳಿ, ಚಪ್ಪಟೆಯಾದ ಚೊಂಬನ್ನು ಎತ್ತಿಕೊಂಡು ನಕ್ಕರು. ಈಗ ಭಾನುವಾರ ಫಾರಂ ನೋಡಲು ಬಂದವರನ್ನು ಅವರೇ ನಮ್ಮ ಮನೆಗೂ ಕಳಿಸುತ್ತಾರೆ. ಹೋಳೂರಿನವರು, ಮುಳಬಾಗಿಲಿನವರು, ಬೆಂಗಳೂರಿನ ಕಾರಿನವರು ಎಲ್ಲ ಬರುತ್ತಾರೆ. ಭಾವನಿಗೆ ಮಾತು ಬಂದುಬಿಟ್ಟಿದೆ. ಅಮ್ಮಣ್ಣಿಯ ವಿಷಯ ಶುರು ಮಾಡಿದರೆ ಹುಳುಗಳಿಗೆ ಸೊಪ್ಪು ಹಾಕುವುದನ್ನೂ ಮರೆಯುತ್ತಾರೆ. ಈ ಸೀಮೆಯಲ್ಲಿ ಮನೆಗೊಂದು ಕುದುರೆ ಆಗಬೇಕು ಎಂದು ಭಾಷಣ ಬೇರೆ. ನಾನು ನಗುತ್ತೇನೆ, ಆದರೆ ಹೋಳೂರಿನ ಇಬ್ಬರು ಆಗಲೇ ಫಾರಂಗೆ ಹೆಸರು ಕೊಟ್ಟಿದ್ದಾರೆ. ಬಂದವರು ಮರಿಯನ್ನು ಮುಟ್ಟಲು ಕೈ ಚಾಚಿದರೆ, "ನೋಡ್ರಿ, ಮುಟ್ಬೇಡಿ" ಎಂದು ಗದರಿಸುವ ಕೆಲಸ ಅಕ್ಕನದು.

ಬಂದವರಿಗೆ ಭಾವ ಹೇಳದೆ ಬಿಡುವ ಸಂಗತಿ ಒಂದಿದೆ. ಅದೇ ದಿನದ ಸಂಜೆಯದು.

ಸಂಜೆ ಹಾಲು ಕರೆಯುವ ಹೊತ್ತಿಗೆ ಅಕ್ಕ ಬಕೆಟ್ಟು ಹಿಡಿದು ಹಸುವಿನ ಹತ್ತಿರ ಹೋದಳು. ನಾನೂ ಜೊತೆಗಿದ್ದೆ. ಕರು ಎಂದಿನಂತೆ ಕಂಬಕ್ಕೆ ಕಟ್ಟಿಸಿಕೊಂಡು ನಿಂತಿತ್ತು. ಹಸು ಅದರ ಕಡೆ ತಿರುಗಿ ಮೆಲ್ಲಗೆ ಹೂಂಕರಿಸಿತು. ಅದು ದಿನಾ ಹೂಂಕರಿಸುತ್ತದೆ. ನಾವು ದಿನಾ ಕೇಳುತ್ತೇವೆ. ಅಕ್ಕ ಬಕೆಟ್ಟು ಹಿಡಿದು ಅಲ್ಲೇ ನಿಂತಳು.

"ಇದೂ ತನ್ನ ಕೂಸ್ನ ಕರೀತಾನೇ ಇತ್ತಲ್ಲೋ" ಎಂದಳು. "ಒದೀಲಿಲ್ಲ ಅಷ್ಟೆ."

ಮಾರನೆಯ ದಿನದಿಂದ ಡೈರಿಗೆ ಹಾಲು ಹೋಗುತ್ತಲೇ ಇದೆ. ಹೋಗದೆ ಹೇಗೆ, ಹೊಟ್ಟೆಪಾಡು. ಕರು ಕುಡಿದು ಬಿಟ್ಟಷ್ಟು ಹೋಗುತ್ತದೆ. ಆದರೆ ಆ ಸಂಜೆ ಅವಳು ಕಂಬದ ಹಗ್ಗ ಬಿಚ್ಚಿ, ಬಕೆಟ್ಟನ್ನು ಮಗುಚಿ ಅದರ ಮೇಲೆ ಕೂತಳು. ಬೀದಿಯ ಕಡೆಯಿಂದ ಭಾವ ಕೂಗಿದರು, ಡೈರಿ ಮುಚ್ಚೋ ಹೊತ್ತಾಯ್ತು, ಹಾಲು ಎಲ್ಲಿ ಎಂದು.

"ಇರ್ರೀ" ಎಂದಳು ಅಕ್ಕ, ಕರುವಿನ ಮೇಲಿಂದ ಕಣ್ಣು ತೆಗೆಯದೆ. "ಇನ್ನೂ ಕುಡೀತೈತೆ."